ಪಿಎಚ್‌.ಡಿ. ಪ್ರಬಂಧ ಡಿಟಿಪಿಗೆ ಕೊಡುವವರೇ, ಶೇ 2ರ ವರದಿ ನಂಬಿ ಕೂರಬೇಡಿ

ಕೊಡಗಿನ ದೇವರಕಾಡುಗಳ (ದೇವರ ಹೆಸರಿನಲ್ಲಿ ಕಾಪಾಡಿಕೊಂಡ ಕಾಡುಗಳ) ಮೇಲೆ ಕನ್ನಡದಲ್ಲಿ ಬರೆದ ಪಿಎಚ್‌.ಡಿ. ಪ್ರಬಂಧವೊಂದು ಇನ್ನೇನು ಸಲ್ಲಿಕೆಯಾಗಬೇಕು ಅನ್ನುವಾಗ ವಾಪಸ್ ಬಂತು. ಟೈಪಿಂಗ್, ಪುಟವಿನ್ಯಾಸ, ಕರಡು ತಿದ್ದುವುದು, ಕೃತಿಚೌರ್ಯ ತಪಾಸಣೆ ಎಲ್ಲ ಸೇರಿ ಒಂದೇ ಪ್ಯಾಕೇಜ್ ಎಂದು ಪೂರ್ತಿ ಹಣ ಮುಂಗಡ ಪಡೆದವರು ಕೊಟ್ಟ ವರದಿಯಲ್ಲಿ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ 2 ಇತ್ತು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದೇ ಪ್ರಬಂಧದ ಯೂನಿಕೋಡ್ (ಕನ್ನಡ ಅಕ್ಷರವಾಗಿಯೇ ಸಂಗ್ರಹವಾಗುವ) ಪ್ರತಿಯನ್ನು ತಪಾಸಣೆಗೆ ಹಾಕಿದಾಗ ಶೇ 30 ದಾಟಿತು. ಹಿಂದಿನ ಅಧ್ಯಯನಗಳ ಸಮೀಕ್ಷೆಯ ಅಧ್ಯಾಯವನ್ನು ‘ಸ್ವಲ್ಪ ತುಂಬಿಸಿಕೊಡ್ತೀವಿ’ ಎಂದವರು ಪಿಎಚ್‌.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿರುವ ಹಳೆಯ ಪ್ರಬಂಧಗಳಿಂದ ಪುಟಗಟ್ಟಲೆ ಎತ್ತಿ ಹಾಕಿದ್ದರು.

ಹಾಗಾದರೆ ಶೇ 2 ಎಲ್ಲಿಂದ ಬಂತು? ಕಡತ ಹಳೆಯ ನುಡಿ ಫಾಂಟ್‌ನಲ್ಲಿತ್ತು. ಅದರಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಸಂಗ್ರಹವಾಗುವುದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ತಪಾಸಣೆಯ ತಂತ್ರಾಂಶ ಓದುವುದು ಆ ಕಲಸುಮೇಲೋಗರವನ್ನೇ. ಅದು ಅಂತರ್ಜಾಲದಲ್ಲಿ ಯೂನಿಕೋಡ್‌ನಲ್ಲಿರುವ ಯಾವ ಕನ್ನಡ ಬರಹಕ್ಕೂ ತಾಳೆಯಾಗುವುದಿಲ್ಲ. ಇಂಥ ವರದಿಗೆ ಕಾಗದದ ಬೆಲೆಯೂ ಇಲ್ಲ.

ನಿಮ್ಮ ಕಡತ ಯಾವುದರಲ್ಲಿದೆ ಎಂದು ನೋಡುವುದು ಸುಲಭ. ಒಂದು ಪ್ಯಾರಾ ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಬಂದರೆ ಹಳೆಯ ಫಾಂಟ್. ಟೈಪಿಂಗ್ ಶುರುವಾಗುವ ಮೊದಲೇ ‘ಯೂನಿಕೋಡ್‌ನಲ್ಲೇ ಬೇಕು’ ಎಂದು ಹೇಳಿ, ಮೊದಲ ಹತ್ತು ಪುಟ ಬಂದ ಕೂಡಲೇ ಹೀಗೆ ಪರೀಕ್ಷಿಸಿ.

‘ಆಮೇಲೆ ಕನ್ವರ್ಟ್ ಮಾಡಿಕೊಡ್ತೀವಿ’ ಎಂಬ ಮಾತಿಗೆ ಒಪ್ಪಬೇಡಿ. ಪಠ್ಯವನ್ನಷ್ಟೇ ನೋಡುವ ಪರಿವರ್ತಕಕ್ಕೆ ಫಾಂಟ್ ಗೊತ್ತಾಗುವುದಿಲ್ಲ. ನಡುವೆ ರೋಮನ್ ಲಿಪಿಯಲ್ಲಿರುವ ಮರಗಿಡಗಳ ಸಸ್ಯಶಾಸ್ತ್ರೀಯ ಹೆಸರು, ಇಂಗ್ಲಿಷ್ ಉಲ್ಲೇಖ, ಜಾಲತಾಣದ ವಿಳಾಸ ಎಲ್ಲವನ್ನೂ ಅದು ನುಡಿ ಎಂದೇ ತಿಳಿದು ಕನ್ನಡ ಅಕ್ಷರಗಳ ಚೂರು ಮಾಡಿಬಿಡುತ್ತದೆ. ದೇವರಕಾಡಿನ ಪ್ರಬಂಧದಲ್ಲಿ ಸಸ್ಯಪಟ್ಟಿಯೇ ಹೀಗೆ ಹಾಳಾಗಿತ್ತು.

ಇದಕ್ಕಿಂತ ನೋವಿನದ್ದು ಪದಗಳ ಕೆಲಸ. ಕೊಡಗು ಗೊತ್ತಿಲ್ಲದ ತಿದ್ದುಗಾರರು ‘ಒಕ್ಕ’ (ಒಂದೇ ಮೂಲದ ಕೊಡವ ಮನೆತನ) ತಪ್ಪು ಅಂದುಕೊಂಡು ಇಡೀ ಕಡತದಲ್ಲಿ ಒಂದೇ ಏಟಿಗೆ ‘ಕುಟುಂಬ’ ಎಂದು ಬದಲಿಸಿದರು. ‘ಒಕ್ಕಲಿಗ’ ಹೋಗಿ ‘ಕುಟುಂಬಲಿಗ’ ಆಯಿತು, ‘ಒಕ್ಕಲುತನ’ ‘ಕುಟುಂಬಲುತನ’ವಾಯಿತು. ‘ಬಾಣೆ’ (ಗದ್ದೆಗೆ ಹೊಂದಿಕೊಂಡ ಮರಗಿಡಗಳ ಜಮೀನು) ಹಲವು ಕಡೆ ‘ಬಾಣ’ವಾಗಿತ್ತು. ಜಮ್ಮಾ (ವಂಶಪಾರಂಪರ್ಯದ) ಬಾಣೆಯ ಹಕ್ಕಿನ ಬಗ್ಗೆ ಬರೆದ ಪುಟದಲ್ಲಿ ಈ ತಪ್ಪು ಉಳಿದರೆ ಪರೀಕ್ಷಕರು ಮುಂದಿನ ಪುಟವನ್ನು ಯಾವ ನಂಬಿಕೆಯಿಂದ ಓದಬೇಕು? ಐನ್‌ಮನೆ, ಪುತ್ತರಿ, ಕೈಮಡ, ಬಾಣೆ ಇಂಥ ಪದಗಳ ಪಟ್ಟಿಯೊಂದನ್ನು ನೀವು ಬಳಸುವ ಕಾಗುಣಿತದಲ್ಲೇ ಬರೆದು ಕೆಲಸದ ಜೊತೆಗೇ ಕೊಡಿ. ಇವನ್ನು ಮುಟ್ಟಬಾರದು ಎಂದು ಮೇಲೆ ಬರೆಯಿರಿ. ತಿದ್ದುಪಡಿಯೆಲ್ಲ ವರ್ಡ್‌ನ ಟ್ರ್ಯಾಕ್ ಚೇಂಜಸ್ ಹಾಕಿಯೇ ಆಗಲಿ. ಆಗ ಪ್ರತಿ ಬದಲಾವಣೆಯೂ ಬಣ್ಣದಲ್ಲಿ ಕಾಣುತ್ತದೆ, ಬೇಡವಾದದ್ದನ್ನು ನೀವೇ ತಳ್ಳಿಹಾಕಬಹುದು.

ಪುಟವಿನ್ಯಾಸದಲ್ಲಿ ಮುಖ್ಯವಾಗಿ ನೋಡಬೇಕಾದ್ದು ಪರಿವಿಡಿ. ಕೈಯಲ್ಲೇ ಚುಕ್ಕಿ ಒತ್ತಿ ಪುಟಸಂಖ್ಯೆ ಬರೆದಿದ್ದರೆ, ಮಾರ್ಗದರ್ಶಕರು ಒಂದು ಪ್ಯಾರಾ ಸೇರಿಸಿ ಎಂದ ತಕ್ಷಣ ಎಲ್ಲ ಸಂಖ್ಯೆ ತಪ್ಪುತ್ತದೆ, ಪ್ರತಿ ಸಲ ಬೇರೆ ದುಡ್ಡು ಕೇಳುತ್ತಾರೆ. ಶೀರ್ಷಿಕೆಗಳಿಗೆ ಹೆಡಿಂಗ್ ಸ್ಟೈಲ್ ಹಾಕಿದ್ದರೆ ಪರಿವಿಡಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಅಪ್‌ಡೇಟ್ ಫೀಲ್ಡ್’ ಅಂದರೆ ಸಾಕು. ಅಂಚು, ಸಾಲಿನ ಅಂತರಗಳನ್ನು ನಿಮ್ಮ ವಿಶ್ವವಿದ್ಯಾಲಯದ ಸುತ್ತೋಲೆ ನೋಡಿಯೇ ಹೇಳಿ, ಅಂಗಡಿಯವರ ರೂಢಿಗೆ ಬಿಡಬೇಡಿ.

ಇನ್ನು ದಂಡದ ಲೆಕ್ಕ. ಯುಜಿಸಿಯ 2018ರ ನಿಯಮದಂತೆ ಪ್ರಬಂಧದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅದರ ಮೇಲೆ ಶೇ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 40 ದಾಟಿ 60ರವರೆಗೆ ಇದ್ದರೆ ತಿದ್ದಿದ ಪ್ರತಿಯನ್ನೂ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ 60 ಮೀರಿದರೆ ನೋಂದಣಿಯೇ ರದ್ದು. ಆಕರ ಸೂಚಿಸಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ ಈ ಲೆಕ್ಕಕ್ಕೆ ಬರುವುದಿಲ್ಲ. ಎತ್ತಿ ಹಾಕಿದವರು ಯಾರೇ ಆಗಿರಲಿ, ದಂಡ ಹೆಸರಿರುವ ವಿದ್ಯಾರ್ಥಿಗೇ.

ಅಪರಿಚಿತರ ಖಾತೆಯಲ್ಲಿ ತಪಾಸಣೆ ಮಾಡಿಸುವುದರಲ್ಲಿ ಇನ್ನೊಂದು ಅಪಾಯವಿದೆ. ಕೆಲವು ತಂತ್ರಾಂಶಗಳಲ್ಲಿ ಕಡತ ಅವರ ಭಂಡಾರದಲ್ಲೇ ಉಳಿದುಬಿಡುತ್ತದೆ. ಮುಂದೆ ಅದೇ ತಂತ್ರಾಂಶದಲ್ಲಿ ವಿಶ್ವವಿದ್ಯಾಲಯ ಪರೀಕ್ಷಿಸಿದರೆ ನಿಮ್ಮ ಬರಹ ನಿಮ್ಮದಕ್ಕೇ ಹೋಲುತ್ತದೆ. ಗ್ರಂಥಾಲಯದ ಮೂಲಕವೇ ಮಾಡಿಸಿ.

ಗ್ರಂಥಸೂಚಿಯನ್ನು ‘ಸೇರಿಸಿಕೊಡುವ’ ಕೆಲಸ ಯಾರಿಗೂ ಕೊಡಬೇಡಿ. ಇಲ್ಲದ ಲೇಖನಕ್ಕೆ ನಿಜವಾದ ನಿಯತಕಾಲಿಕದ ಹೆಸರು ಜೋಡಿಸಿ ಕೊಡುವುದೂ ಈಗ ನಡೆದಿದೆ.

ಹಣವನ್ನು ಅಧ್ಯಾಯಕ್ಕೊಂದು ಕಂತಿನಂತೆ ಕೊಡಿ. ಪಿಡಿಎಫ್ ಮಾತ್ರ ಕೊಟ್ಟು ಕೈತೊಳೆದುಕೊಳ್ಳಲು ಬಿಡದೆ ಪ್ರತಿ ಅಧ್ಯಾಯದ ವರ್ಡ್ ಕಡತವನ್ನೂ ಕೇಳಿ ಪಡೆಯಿರಿ. ಕೊನೆಯ ತಿದ್ದುಪಡಿಯನ್ನು ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಉಳಿಸಿಕೊಳ್ಳಬೇಡಿ, ಆಗ ಇಲ್ಲಿ ಕೊಡಗಿನಲ್ಲಿ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಕೈಕೊಡುತ್ತವೆ.