ಕೆಂಚನನ್ನು ಮನೆಯಲ್ಲಿ ಒಂಟಿಯಾಗಿ ಬಿಡುವುದು: ನಾವು ಮಾಡಿ ನೋಡಿದ ದಾರಿಗಳ ಹೋಲಿಕೆ

ತುಮಕೂರಿನ ಸರಸ್ವತಿಪುರಂನ ನಮ್ಮ ಮನೆಗೆ ಬಂದಾಗ ಕೆಂಚನಿಗೆ ಎರಡು ತಿಂಗಳೂ ತುಂಬಿರಲಿಲ್ಲ, ಬೀದಿನಾಯಿಯ ಮರಿ. ಅಮ್ಮ ಸದಾ ಮನೆಯಲ್ಲೇ ಇರುತ್ತಿದ್ದುದರಿಂದ ಮೂರು ವರ್ಷಗಳಲ್ಲಿ ಅವನು ಒಂದು ಗಂಟೆಯ ಕಾಲವೂ ಒಂಟಿಯಾಗಿ ಇದ್ದವನಲ್ಲ. ಅಕ್ಕನ ಬಾಣಂತನಕ್ಕೆಂದು ಅಮ್ಮ ತಿಪಟೂರಿಗೆ ಹೋದ ಮೊದಲ ದಿನ, ನಾನೂ ನನ್ನ ಯಜಮಾನರೂ ಕೆಲಸ ಮುಗಿಸಿ ಸಂಜೆ ಮನೆಗೆ ಬಂದಾಗ, ಮುಂಬಾಗಿಲ ಚೌಕಟ್ಟು ಮೊಳದೆತ್ತರಕ್ಕೆ ಸಿಪ್ಪೆ ಎದ್ದಿತ್ತು, ಅವನ ಮುಂಗಾಲಿನ ಒಂದು ಉಗುರು ಕಿತ್ತುಬಂದಿತ್ತು, ಹೊಸ್ತಿಲ ಬಳಿಯ ನೆಲವೆಲ್ಲ ಜೊಲ್ಲಿನಿಂದ ಒದ್ದೆಯಾಗಿತ್ತು. "ನೀವು ಗೇಟು ದಾಟಿದ ಗಳಿಗೆಯಿಂದ ಒಂದೇ ಸಮ ಊಳಿಡ್ತಿದ್ದ ಕಣಮ್ಮ, ನನ್ನ ಕೈಲಿ ಕೇಳಕ್ಕಾಗ್ಲಿಲ್ಲ" ಎಂದರು ಪಕ್ಕದ ಮನೆಯ ಅಜ್ಜಿ.

ಇದು ತುಂಟತನವಲ್ಲ, ಭಯ ಎಂದು ತಿಳಿಯಲು ನಮಗೆ ಎರಡು ದಿನ ಬೇಕಾಯಿತು. ಬೇಸರಕ್ಕೆ ಕಚ್ಚುವ ನಾಯಿ ಚಪ್ಪಲಿ, ದಿಂಬು ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಹರಿಯುತ್ತದೆ. ಭಯಗೊಂಡ ನಾಯಿ ನಾವು ಹೊರಟುಹೋದ ಬಾಗಿಲನ್ನೇ ಹಿಡಿದು ಪರಚುತ್ತದೆ, ಅದೂ ಹೆಚ್ಚಾಗಿ ಮೊದಲ ಅರ್ಧ ಗಂಟೆಯೊಳಗೆ. ಹಳೆಯ ಮೊಬೈಲನ್ನು ಕಪಾಟಿನ ಮೇಲಿಟ್ಟು ಚಿತ್ರೀಕರಿಸಿದಾಗ, ನಾವು ಹೊರಬಿದ್ದ ಎರಡನೆಯ ನಿಮಿಷಕ್ಕೇ ಅವನ ಏದುಸಿರು ಶುರುವಾಗಿತ್ತು. ಇಂಥ ನಾಯಿಯನ್ನು ಬಂದ ಮೇಲೆ ಗದರುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ತಪ್ಪೊಪ್ಪಿಕೊಂಡಂತೆ ಕಾಣುವ ನಾಯಿಯ ಮುಖವು ಅದು ಮಾಡಿದ ತಪ್ಪಿಗಲ್ಲ, ಒಡೆಯರ ಗದರಿಕೆಗೆ ತೋರುವ ಪ್ರತಿಕ್ರಿಯೆ ಎಂಬುದನ್ನು ನಾಯಿಗಳ ನಡವಳಿಕೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದ್ದಾರೆ.

ಮೊದಲು ಪರಿಚಿತರೊಬ್ಬರಿಂದ ಕಬ್ಬಿಣದ ಬೋನು ತಂದೆವು. ಅರ್ಧ ದಿನದಲ್ಲೇ ಸರಳುಗಳನ್ನು ಕಚ್ಚಿ ವಸಡಿನಲ್ಲಿ ರಕ್ತ ಬರಿಸಿಕೊಂಡ. ಬಾಗಿಲು ಉಳಿಯಿತು, ಭಯ ಇಮ್ಮಡಿಯಾಯಿತು. ಅದನ್ನು ಅಂದೇ ಹಿಂದಿರುಗಿಸಿದೆವು.

ಎರಡನೆಯದು ತಿಂಡಿಯ ದಾರಿ. ಒಳಗೆ ಟೊಳ್ಳಾದ ರಬ್ಬರಿನ ಆಟಿಕೆಯಲ್ಲಿ ರಾಗಿಮುದ್ದೆ, ಮೊಸರು, ಬೇಯಿಸಿದ ಕೋಳಿಯ ಚೂರುಗಳನ್ನು ತುಂಬಿ, ಫ್ರೀಜರಿನಲ್ಲಿ ರಾತ್ರಿಯಿಡೀ ಗಟ್ಟಿ ಮಾಡಿ, ಹೊರಡುವಾಗ ಕೊಡುತ್ತಿದ್ದೆವು. ಮೊದಲ ದಿನ ಅವನು ನಮ್ಮತ್ತ ತಿರುಗಿಯೂ ನೋಡದೆ ನೆಕ್ಕತೊಡಗಿದಾಗ ನಾವು ಗೆದ್ದೆವೆಂದೇ ಭಾವಿಸಿದ್ದೆವು. ಚಿತ್ರೀಕರಣ ಬೇರೆಯದನ್ನೇ ಹೇಳಿತು: ನಾಲ್ಕನೆಯ ನಿಮಿಷದಲ್ಲಿ ತಲೆ ಎತ್ತಿದ, ಕಿವಿ ನಿಮಿರಿಸಿದ, ಆಟಿಕೆಯನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಹೋದ, ಮತ್ತೆ ಅದರ ಬಳಿ ಬರಲೇ ಇಲ್ಲ. ನಾವು ಮರಳಿ ಬಂದ ಮೇಲೆ, ಇನ್ನೂ ನಡುಗುತ್ತಲೇ ನಿಂತು, ಉಳಿದದ್ದನ್ನೆಲ್ಲ ಗಬಗಬನೆ ತಿಂದ. ಒಂದು ವಾರ ಕಳೆಯುವಷ್ಟರಲ್ಲಿ ಫ್ರೀಜರಿನ ಬಾಗಿಲು ತೆಗೆದ ಸದ್ದಿಗೇ ಅವನು ಬಾಲ ಮುದುರಿಕೊಳ್ಳುತ್ತಿದ್ದ, ಏಕೆಂದರೆ ಆ ಆಟಿಕೆ ನಾವು ಹೊರಡುವುದರ ಸೂಚನೆಯೇ ಆಗಿಬಿಟ್ಟಿತ್ತು. ಸ್ವಲ್ಪ ಮಾತ್ರ ಬೇಸರಪಡುವ ನಾಯಿಗೆ ಈ ಉಪಾಯ ಸಾಕಾಗಬಹುದು. ದಿಗಿಲುಬಿದ್ದ ನಾಯಿಗೆ ಹಸಿವೇ ಇರುವುದಿಲ್ಲ.

ಮೂರನೆಯದು ಯಾರಾದರೊಬ್ಬರ ಜೊತೆಯಲ್ಲಿ ಬಿಡುವುದು. ಹಣ ತೆತ್ತು ನಾಯಿಗಳನ್ನು ನೋಡಿಕೊಳ್ಳುವಲ್ಲಿ ಒಂದು ದಿನ ಬಿಟ್ಟೆವು. ಅಷ್ಟೊಂದು ಬೊಗಳಾಟದ ನಡುವೆ ಅವನು ನೀರನ್ನೂ ಮುಟ್ಟಲಿಲ್ಲ. ಅಜ್ಜಿಯ ಮನೆಯ ಜಗಲಿಯಲ್ಲಾದರೆ ಅವರು ಸೊಪ್ಪು ಸೋಸುತ್ತಿದ್ದ ಮೊರದ ಪಕ್ಕದಲ್ಲೇ ಇಡೀ ದಿನ ಮಲಗಿದ್ದ. ಇದರಿಂದ ಒಂಟಿಯಾಗಿರುವುದನ್ನು ಅವನೇನೂ ಕಲಿಯಲಿಲ್ಲ, ನಿಜ. ಆದರೆ ಅದನ್ನು ಹಂತಹಂತವಾಗಿ ಕಲಿಸುವ ನಾಲ್ಕನೆಯ ದಾರಿ ಹಿಡಿಯಲು ಸಾಧ್ಯವಾದದ್ದೇ ಈ ಮೂರನೆಯದರಿಂದ. ಬೆಳಿಗ್ಗೆ ಹತ್ತು ಸೆಕೆಂಡಿನ ಪಾಠ ಹೇಳಿಕೊಟ್ಟು ಮಧ್ಯಾಹ್ನ ಐದು ಗಂಟೆಗಳ ಕಾಲ ಒಂಟಿ ಬಿಟ್ಟರೆ ಬೆಳಗಿನ ಪಾಠ ಅಳಿಸಿಹೋಗುತ್ತದೆ. ಅಜ್ಜಿ ದುಡ್ಡು ಮುಟ್ಟಲಿಲ್ಲ. ಅಮ್ಮ ತಿಪಟೂರಿನಿಂದ ಕಳಿಸುತ್ತಿದ್ದ ತೆಂಗಿನಕಾಯಿಗಳಲ್ಲಿ ಅರ್ಧದಷ್ಟು ಅವರ ಮನೆಗೇ ಹೋಗುತ್ತಿದ್ದವು.

ನಾಲ್ಕನೆಯದು, ಹಂತಹಂತವಾಗಿ ಅಭ್ಯಾಸ ಮಾಡಿಸುವುದು. ಮೊದಲ ವಾರ ಅಭ್ಯಾಸದ ಹೊತ್ತಿನಲ್ಲಿ ನಾವು ಮನೆಯಿಂದ ಹೊರಗೆ ಹೋಗಲೇ ಇಲ್ಲ. ಬೀಗದ ಕೈ ಗೊಂಚಲನ್ನು ಎತ್ತಿಕೊಂಡು ಪತ್ರಿಕೆ ಓದುತ್ತ ಕುಳಿತೆ. ಹೆಲ್ಮೆಟ್ ಧರಿಸಿ ಅಡುಗೆಮನೆಗೆ ಹೋಗಿ ಸಾರು ಕುದಿಸಿದೆ. ಮೊದಲ ದಿನ ಬೀಗದ ಕೈ ಕಿಣಿಕಿಣಿ ಎಂದೊಡನೆ ಎದ್ದು ನಿಲ್ಲುತ್ತಿದ್ದವನು ಆರನೆಯ ದಿನ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡ. ಆಮೇಲೆ ಬಾಗಿಲು ತೆರೆದು ಮುಚ್ಚುವುದು, ಹೊಸ್ತಿಲಾಚೆ ಐದು ಸೆಕೆಂಡು ನಿಲ್ಲುವುದು, ಇಪ್ಪತ್ತು ಸೆಕೆಂಡು, ಮತ್ತೆ ಹತ್ತು, ಆಮೇಲೆ ನಲವತ್ತು. ಪ್ರತಿ ಸಲವೂ ಹೆಚ್ಚಿಸುತ್ತ ಹೋದರೆ ನಾಯಿ ಅದನ್ನೂ ಲೆಕ್ಕ ಹಿಡಿಯುತ್ತದೆ, ಆದ್ದರಿಂದ ಏರಿಳಿತ ಬೇಕು. ತುಟಿ ನೆಕ್ಕುವುದು, ನಿದ್ದೆಯಿಲ್ಲದ ಆಕಳಿಕೆ, ಬಾಗಿಲಿನ ಬುಡದಲ್ಲಿ ಮೂಗಿಟ್ಟು ನಿಲ್ಲುವುದು, ಇವು ಕಂಡವೆಂದರೆ ಅವನು ತನ್ನ ಮಿತಿಯ ಅಂಚಿಗೆ ಬಂದಿದ್ದಾನೆಂದು ತಿಳಿದು, ಊಳಿಡುವ ಮುನ್ನವೇ ಒಳಗೆ ಬರಬೇಕು. ದಿನಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ, ವಾರಕ್ಕೆ ಐದು ದಿನ; ಅದಕ್ಕಿಂತ ಹೆಚ್ಚು ಮಾಡಿದಾಗ ಅವನೂ ದಣಿದ, ನಾವೂ ದಣಿದೆವು.

ಮೂರು ನಿಮಿಷ ನೆಮ್ಮದಿಯಿಂದ ಇರುತ್ತಿದ್ದ ಕಾಲದಲ್ಲಿ ಒಂದು ಭಾನುವಾರ ನಾನು ಅವಸರಪಟ್ಟು ಹತ್ತು ನಿಮಿಷ ಹೊರಗುಳಿದೆ. ಮರುದಿನ ಅವನಿಗೆ ಒಂದು ನಿಮಿಷವೂ ಆಗಲಿಲ್ಲ. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಎರಡು ವಾರ ಹಿಡಿಯಿತು. ದೀಪಾವಳಿಯ ಪಟಾಕಿಯ ದಿನಗಳಲ್ಲಿ ಅಭ್ಯಾಸವನ್ನೇ ನಿಲ್ಲಿಸಿದ್ದೆವು. ಎರಡು ತಿಂಗಳಿಗೆ ನಲವತ್ತು ನಿಮಿಷಕ್ಕೆ ತಲುಪಿದೆವು, ಅಲ್ಲಿಂದ ಮುಂದಿನದು ಬೇಗ ಬಂತು: ನಾಲ್ಕನೆಯ ತಿಂಗಳ ಕೊನೆಗೆ ನಾಲ್ಕು ಗಂಟೆ.

ಔಷಧದ ಬಗ್ಗೆಯೂ ಪಶುವೈದ್ಯರನ್ನು ಕೇಳಿದ್ದೆವು. ಫ್ಲುಯಾಕ್ಸೆಟಿನ್ ಎಂಬ ಔಷಧವನ್ನು ನಾಯಿಗಳ ಈ ತೊಂದರೆಗೆಂದು ಅಮೆರಿಕದಲ್ಲಿ 2007ರಲ್ಲಿ ಅನುಮೋದಿಸಿದ್ದಾರೆ, ಆದರೆ ತರಬೇತಿಯ ಜೊತೆಗೆ ಕೊಡಬೇಕೆಂಬ ಮಾತಿನೊಂದಿಗೆ. ಅದು ಮಂಪರು ಬರಿಸುವ ಮಾತ್ರೆಯಲ್ಲ, ಪರಿಣಾಮ ಕಾಣಲು ವಾರಗಳೇ ಬೇಕು. ಕೆಂಚನಿಗೆ ಅದರ ಅಗತ್ಯ ಬೀಳಲಿಲ್ಲ. ಹೊಸ್ತಿಲು ದಾಟಿದ ಕೂಡಲೇ ನಡುಗುವ ನಾಯಿಯಾಗಿದ್ದರೆ ನಾನು ಒಂದು ದಿನವೂ ಹಿಂಜರಿಯದೆ ವೈದ್ಯರಿಂದ ಬರೆಸಿಕೊಳ್ಳುತ್ತಿದ್ದೆ. ಮನುಷ್ಯರ ಮಾತ್ರೆಯನ್ನು ಸ್ವಂತ ಅಂದಾಜಿನಲ್ಲಿ ಕೊಡುವುದು ಮಾತ್ರ ಎಂದಿಗೂ ಕೂಡದು.

ಅಮ್ಮ ಈಗ ಮರಳಿ ಬಂದಿದ್ದಾರೆ. ಆದರೂ ವಾರಕ್ಕೊಮ್ಮೆ ಅವರನ್ನೂ ಕರೆದುಕೊಂಡು ಸಿದ್ಧಗಂಗೆಗೆ ಹೋಗಿಬರುತ್ತೇವೆ, ಕೆಂಚನಿಗೆ ಅಭ್ಯಾಸ ತಪ್ಪಬಾರದೆಂದು. ಕಳೆದ ವಾರದ ಚಿತ್ರೀಕರಣದಲ್ಲಿ, ಗೇಟಿನ ಚಿಲಕ ಬಿದ್ದ ಸದ್ದಿಗೆ ಅವನು ಒಮ್ಮೆ ಕಿವಿ ಆಡಿಸಿದ, ತನ್ನ ಗೋಣಿಚೀಲದ ಮೇಲೆ ಎರಡು ಸುತ್ತು ಸುತ್ತಿದ, ಸಿಪ್ಪೆ ಎದ್ದ ಆ ಚೌಕಟ್ಟಿಗೆ ಬೆನ್ನು ಮಾಡಿ ಮಲಗಿದ.