ಒಣ ಕೆಂಪು ಮಣ್ಣಿನಲ್ಲಿ ಪಿಡಿಎ ಟೆಸ್ಟ್: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ?

ನೆಲ ಕೊರೆದು ಕಾಂಕ್ರೀಟ್ ತುಂಬಿದ ಪೈಲ್ (ಅಡಿಪಾಯದ ಕಂಬ) ಎಷ್ಟು ಭಾರ ಹೊರುತ್ತದೆ ಎಂದು ನೋಡಲು ಬೆಂಗಳೂರಿನ ಸೈಟ್‌ಗಳಲ್ಲಿ ಪಿಡಿಎ (ಪೈಲ್ ಡ್ರೈವಿಂಗ್ ಅನಲೈಸರ್) ಟೆಸ್ಟ್ ಮಾಡಿಸುವುದು ಈಗ ಸಾಮಾನ್ಯ. ಪೈಲ್ ತಲೆಯ ಮೇಲೆ ಹ್ಯಾಮರ್ ಬೀಳಿಸಿ, ಸೆನ್ಸರ್‌ಗಳಿಂದ ಬಲ ಮತ್ತು ವೇಗ ಅಳೆದು, ಕ್ಯಾಪ್‌ವ್ಯಾಪ್ ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕಿ ಕೊಡುತ್ತಾರೆ. ಅನುಕೂಲದ ಬಗ್ಗೆ ಎರಡು ಮಾತಿಲ್ಲ. 150 ಟನ್ ಡಿಸೈನ್ ಲೋಡಿನ ಪೈಲಿಗೆ ರೂಟೀನ್ ಟೆಸ್ಟ್ (ಕಟ್ಟಡಕ್ಕೆ ಬಳಸುವ ಪೈಲಿನ ಮೇಲೆಯೇ ಮಾಡುವ ಪರೀಕ್ಷೆ) ಒಂದೂವರೆ ಪಟ್ಟು, 225 ಟನ್. ಕೆಂಟ್ಲೆಡ್ಜ್ (ಪೈಲಿನ ಮೇಲೆ ಭಾರ ಹೇರಲು ಒಟ್ಟುವ ಬ್ಲಾಕ್ ರಾಶಿ) ಪೇರಿಸುವುದಾದರೆ ಅದರ ಮೇಲೆ ಇನ್ನೂ ಶೇ. 25, ಅಂದರೆ 280 ಟನ್ನಿಗೂ ಮಿಕ್ಕಿ ಬ್ಲಾಕ್ ಬೇಕು. ಪಿಡಿಎಗೆ ನಾಲ್ಕು ಟನ್ನಿನ ಹ್ಯಾಮರ್, ಒಂದು ಕ್ರೇನ್ ಸಾಕು.

ತಂಡ ಬರುವ ಮೊದಲಿನ ತಯಾರಿ ಮಾತ್ರ ಸೈಟಿನವರದ್ದೇ, ಎಡವಟ್ಟಾಗುವುದೂ ಅಲ್ಲೇ. ಸೆನ್ಸರ್‌ಗಳು ಪೈಲ್ ತಲೆಯಿಂದ ಕನಿಷ್ಠ ವ್ಯಾಸದ ಒಂದೂವರೆ ಪಟ್ಟು ಕೆಳಗಿರಬೇಕು, 600 ಮಿ.ಮೀ. ಪೈಲಿಗೆ 900 ಮಿ.ಮೀ. ಹಾಗಾಗಿ ಮೆತ್ತಗಿನ ಕಾಂಕ್ರೀಟನ್ನು ಒಡೆದು ತೆಗೆದು, ಗಟ್ಟಿ ಕಾಂಕ್ರೀಟಿನ ಮೇಲೆ ರಿಂಗ್‌ಗಳನ್ನು ಹತ್ತಿರ ಹತ್ತಿರ ಕಟ್ಟಿ ತಲೆಯನ್ನು ಎತ್ತರಿಸಬೇಕು. ಮೇಲ್ಮೈ ಮಟ್ಟಸವಾಗಿರಬೇಕು, ಪ್ಲೈವುಡ್ ಕುಶನ್ ಹಾಕಬೇಕು. ತಲೆ ಓರೆಯಾಗಿದ್ದರೆ ಎದುರುಬದುರು ಸ್ಟ್ರೇನ್ ಸೆನ್ಸರ್‌ಗಳ ಓದು ಒಂದಕ್ಕೊಂದು ಹೊಂದುವುದಿಲ್ಲ. ಒಂದು ಬದಿಗೆ ಎಳೆತ ತೋರಿಸಿದರೆ ಆ ಪೆಟ್ಟನ್ನು ಬಿಟ್ಟುಬಿಡಬೇಕು, ಸರಾಸರಿಗೆ ಸೇರಿಸಬಾರದು.

ಸ್ಕ್ರೀನ್ ನೋಡಲು ಬರುವವರಿಗೆ ಸುಲಭದ ಪರೀಕ್ಷೆಯೊಂದಿದೆ. ಪೆಟ್ಟಿನ ಅಲೆ ಪೈಲಿನೊಳಗೆ ಸಾಗುವ ವೇಗ ಸೆಕೆಂಡಿಗೆ 4,000 ಮೀಟರ್ ಎಂದಿಟ್ಟುಕೊಂಡರೆ 600 ಮಿ.ಮೀ. ಪೈಲಿನಲ್ಲಿ ಸೆಕೆಂಡಿಗೆ 1 ಮೀಟರ್ ಕಣವೇಗಕ್ಕೆ (ಅಲೆ ಹಾಯುವಾಗ ಕಾಂಕ್ರೀಟ್ ಅಲುಗುವ ವೇಗ) ಸುಮಾರು 2,700 ಕಿಲೋನ್ಯೂಟನ್ ಬಲ ಬರಬೇಕು. ಮೊದಲ ಶಿಖರದಲ್ಲಿ ಬಲದ ಗೆರೆ, ವೇಗದ ಗೆರೆ ಎರಡೂ ಕೂಡಿ ಏರಬೇಕು. 12 ಮೀಟರ್ ಪೈಲಾದರೆ ತುದಿಯಿಂದ ಅಲೆ 6 ಮಿಲಿಸೆಕೆಂಡಿಗೆ ವಾಪಸ್. ಇವು ಹೊಂದದಿದ್ದರೆ ವರದಿಗೆ ಎಷ್ಟು ಪುಟವಿದ್ದರೂ ಪ್ರಯೋಜನವಿಲ್ಲ.

ಹ್ಯಾಮರಿನ ತೂಕ ಟೆಸ್ಟ್ ಲೋಡಿನ ಶೇ. 1ರಿಂದ 2 ಇರಬೇಕು. ಕಡಿಮೆ ತೂಕದ್ದನ್ನು ತಂದು ಎತ್ತರದಿಂದ ಬಿಟ್ಟು ಸರಿದೂಗಿಸುವವರಿದ್ದಾರೆ. ತಲೆ ಬಿರುಕು ಬಿಡುತ್ತದೆ, ತುದಿ ಅಲುಗುವುದಿಲ್ಲ. ಒಂದು ಪೆಟ್ಟಿಗೆ ಪೈಲ್ 2–3 ಮಿ.ಮೀ. ಇಳಿಯದಿದ್ದರೆ ವರದಿಯ ಅಂಕಿ ಪೈಲಿನ ಪೂರ್ತಿ ಸಾಮರ್ಥ್ಯವಲ್ಲ, ಆ ಪೆಟ್ಟು ಹೊರಗೆಳೆದಷ್ಟು ಮಾತ್ರ. ಅರ್ಧ, ಒಂದು, ಒಂದೂವರೆ, ಎರಡು ಮೀಟರ್ ಎಂದು ಹಂತ ಹಂತವಾಗಿ ಏರಿಸುವ ತಂಡವೇ ವಾಸಿ.

ಇನ್ನು ಮಣ್ಣಿನ ವಿಷಯ. ನೀರಿನ ಮಟ್ಟ ಆಳಕ್ಕಿಳಿದಿರುವ ಕಡೆ ಕೆಂಪು ಮಣ್ಣಿನ ಕಣಗಳ ನಡುವಿನ ಅಲ್ಪ ತೇವವೇ ಕಣಗಳನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತದೆ. ಈ ಸಕ್ಷನ್ ಬಲದಿಂದಾಗಿ ಏಪ್ರಿಲ್‌ನಲ್ಲಿ ಮಾಡಿದ ಟೆಸ್ಟಿನಲ್ಲಿ ಮೇಲಿನ ಕೆಲವು ಮೀಟರಿನ ಸ್ಕಿನ್ ಫ್ರಿಕ್ಷನ್ (ಪೈಲಿನ ಪಕ್ಕಕ್ಕೂ ಮಣ್ಣಿಗೂ ನಡುವಿನ ಘರ್ಷಣೆ) ಧಾರಾಳವಾಗಿ ಕಾಣುತ್ತದೆ. ಮಳೆಗಾಲ ಹಿಡಿದರೆ, ಸಂಪ್ ಸೋರಿದರೆ, ಪೈಲಿನ ಪಕ್ಕದಲ್ಲೇ ಮಳೆನೀರಿನ ಇಂಗುಗುಂಡಿ ತೋಡಿದರೆ ಅದು ಕರಗುತ್ತದೆ. ಸಡಿಲವಾಗಿ ತುಂಬಿದ ಮಣ್ಣಾದರೆ ಇನ್ನೂ ಕಷ್ಟ: ನೆನೆದು ಕುಸಿದು, ಪೈಲನ್ನೇ ಕೆಳಕ್ಕೆ ಜಗ್ಗುತ್ತದೆ. ಇದು ಪಿಡಿಎಯೊಂದರ ದೋಷವಲ್ಲ, ಕೆಂಟ್ಲೆಡ್ಜ್ ಟೆಸ್ಟಿಗೂ ಇದೇ ಪಾಡು. ಆದರೆ ಕೆಂಟ್ಲೆಡ್ಜ್‌ನಂಥ ಸ್ಟ್ಯಾಟಿಕ್ (ನಿಂತ ಭಾರದ) ಟೆಸ್ಟಿನಲ್ಲಿ ಭಾರ ನೇರವಾಗಿ ಅಳೆದದ್ದು. ಪಿಡಿಎಯಲ್ಲಿ ಪೆಟ್ಟಿನ ವೇಗದಿಂದ ಹುಟ್ಟುವ ಡ್ಯಾಂಪಿಂಗ್ (ವೇಗವಿದ್ದಾಗ ಮಾತ್ರ ಬರುವ ಹೆಚ್ಚುವರಿ ಪ್ರತಿರೋಧ) ಪಾಲನ್ನು ಕಳೆದು ಲೆಕ್ಕ ಹಾಕಬೇಕು. ಸ್ಥಳದಲ್ಲೇ ಯಂತ್ರ ತೋರಿಸುವ ಕೇಸ್ ವಿಧಾನದ (ತಕ್ಷಣ ಅಂದಾಜಿಸುವ ಸೂತ್ರದ) ಅಂಕಿ ನಾವು ಕೊಟ್ಟ ಡ್ಯಾಂಪಿಂಗ್ ಗುಣಾಂಕಕ್ಕೆ ತಕ್ಕಂತೆ ಕುಣಿಯುತ್ತದೆ, ಅದನ್ನು ನೆಚ್ಚಿಕೊಂಡು ಕಂಬ ಏರಿಸಬಾರದು.

ಯಾವ ಆಳದಲ್ಲಿ ಎಷ್ಟು ಎಂದು ಪಾಲು ಪಾಲಾಗಿ ಫ್ರಿಕ್ಷನ್ ಹಂಚಿಕೆ ತೋರಿಸುವುದೇ ಈ ಸೇವೆಯ ನಿಜವಾದ ಬೆಲೆ. ಮೇಲಿನ 3 ಮೀಟರಿಗೆ ಎಷ್ಟು ಬಂದಿದೆ ಎಂದು ಗೊತ್ತಾದರೆ ಅದನ್ನು ಕಳೆದು ನೋಡಬಹುದು. ಮುಂದೆ ಬೇಸ್‌ಮೆಂಟಿಗೆ ಅಗೆಯುವ ಜಾಗದಲ್ಲಿ ನೆಲಮಟ್ಟದಿಂದಲೇ ಟೆಸ್ಟ್ ಮಾಡಿದ್ದರೆ ಕಳೆಯಲೇಬೇಕು, ಆ ಮಣ್ಣೇ ಇರುವುದಿಲ್ಲ. ಹುಬ್ಬಳ್ಳಿ ಕಡೆಯ ಎರೆಮಣ್ಣಿನಲ್ಲಂತೂ ಬೇಸಿಗೆಗೆ ಮಣ್ಣು ಬಿರಿದು ಪೈಲಿನಿಂದ ದೂರ ಸರಿಯುತ್ತದೆ. ಮೇಲಿನ ಮೂರೂವರೆ ಮೀಟರನ್ನು ಲೆಕ್ಕಕ್ಕೇ ಹಿಡಿಯದಿರುವುದು ಒಳ್ಳೆಯದು.

ಹಂಚಿಕೆಯಲ್ಲೂ ಒಂದು ಮೋಸವಿದೆ. ಕೊರೆಯುವಾಗ ಗೋಡೆ ಕುಸಿದು ಕಾಂಕ್ರೀಟ್ ಉಬ್ಬಿದ್ದರೆ, ಅಲ್ಲಿಂದ ಮರಳುವ ಅಲೆಯೂ ಮಣ್ಣಿನ ಪ್ರತಿರೋಧದಂತೆಯೇ ಕಾಣುತ್ತದೆ. ಮ್ಯಾಚ್ ಕ್ವಾಲಿಟಿ (ಅಳೆದ ಗೆರೆಗೂ ಲೆಕ್ಕದ ಗೆರೆಗೂ ಇರುವ ವ್ಯತ್ಯಾಸದ ಅಂಕಿ, ಕಡಿಮೆಯಿದ್ದಷ್ಟೂ ಒಳ್ಳೆಯದು) 5ರ ಒಳಗಿದ್ದರೂ ಹಂಚಿಕೆ ತಪ್ಪಿರಬಹುದು. ಯಾವ ಆಳಕ್ಕೆ ಎಷ್ಟು ಕಾಂಕ್ರೀಟ್ ಹಿಡಿಯಿತು ಎಂಬ ಲಾಗ್ ಕೇಳದೆ ವಿಶ್ಲೇಷಣೆ ಮುಗಿಸುವ ಏಜೆನ್ಸಿಗೆ ಕೆಲಸ ಕೊಡಬೇಡಿ.

ವರ್ಕ್ ಆರ್ಡರಿನಲ್ಲೇ ಬರೆಸಿಕೊಳ್ಳಿ: ಟೆಸ್ಟ್ ದಿನ ಪೈಲಿನ ಪಕ್ಕ ಆಗರ್ (ಮಣ್ಣು ಕೊರೆಯುವ ಬೈರಿಗೆ) ಹಾಕಿ ಪ್ರತಿ ಮೀಟರಿಗೆ ತೇವಾಂಶದ ಸ್ಯಾಂಪಲ್, ಪ್ರತಿ ಪೆಟ್ಟಿನ ಇಳಿತದ ಅಳತೆ, ಕಚ್ಚಾ ಡೇಟಾ ಫೈಲ್. ದೊಡ್ಡ ಸೈಟಾದರೆ ಒಂದು ಪೈಲಿಗಾದರೂ ಸ್ಟ್ಯಾಟಿಕ್ ಟೆಸ್ಟ್, ಮಳೆ ಚೆನ್ನಾಗಿ ಇಳಿದ ಮೇಲೆ ಅದೇ ಜಾಗದಲ್ಲಿ ಇನ್ನೊಂದು ಪಿಡಿಎ. ಇಷ್ಟಕ್ಕೆ ಒಪ್ಪಿದರೆ ಐದಕ್ಕೆ ನಾಲ್ಕು ಕೊಡಬಹುದು. ಬರೀ ಒಂದು ಟನ್ ಲೆಕ್ಕದ ಸರ್ಟಿಫಿಕೇಟ್ ಕೊಟ್ಟು ಹೋಗುವವರಿಗೆ ಒಂದೂವರೆಯೇ ಹೆಚ್ಚು.