ಶ್ವಾಸಕೋಶ ಕ್ಯಾನ್ಸರ್ ಸಂಶೋಧಕ ವೈದ್ಯರಾಗಲು: ಎಂ.ಡಿ.-ಪಿಎಚ್.ಡಿ.ಯೋ, ಫೆಲೋಶಿಪ್ ಕಾಲದ ಪ್ರಯೋಗಾಲಯವೋ?

ಅಮೆರಿಕದಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಎಂ.ಡಿ. (ಅಲ್ಲಿನ ಮೂಲ ವೈದ್ಯ ಪದವಿ) ಮತ್ತು ಪಿಎಚ್.ಡಿ. ಜೋಡಿ ಪದವಿ, ಇದಕ್ಕೆ ಸುಮಾರು 8 ವರ್ಷ ಬೇಕು. ಹೆಚ್ಚಿನ ಕಡೆ ಶುಲ್ಕ ಮನ್ನಾ, ಜೊತೆಗೆ ಸ್ಟೈಪೆಂಡ್. ಇನ್ನೊಂದು, ಬರೀ ಎಂ.ಡಿ. ಮಾಡಿ ಫೆಲೋಶಿಪ್ ಕಾಲದಲ್ಲಿ ಸಂಶೋಧನೆ ಶುರುಮಾಡುವುದು. ಪದವಿ 4 ವರ್ಷಕ್ಕೆ ಮುಗಿಯುತ್ತದೆ, ಆದರೆ ಸಾಲ ಹೆಗಲೇರುತ್ತದೆ. ಮುಂದೆ ಇಬ್ಬರಿಗೂ ಸಾಮಾನ್ಯವಾಗಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ (ಆಸ್ಪತ್ರೆಯಲ್ಲಿನ ಸ್ನಾತಕೋತ್ತರ ತರಬೇತಿ) 3 ವರ್ಷ, ಹೆಮಟಾಲಜಿ-ಆಂಕಾಲಜಿ (ರಕ್ತರೋಗ ಮತ್ತು ಕ್ಯಾನ್ಸರ್) ಫೆಲೋಶಿಪ್ ಎಂಬ ಮುಂದಿನ ವಿಶೇಷ ತರಬೇತಿ 3 ವರ್ಷ.

ಜೋಡಿ ಪದವಿಯವರ ತೊಡಕು ನಡುವಿನ ಬಿಡುವು. ಪಿಎಚ್.ಡಿ. ಮುಗಿಸಿ ಮತ್ತೆ ಪ್ರಯೋಗಾಲಯಕ್ಕೆ ಬರುವಷ್ಟರಲ್ಲಿ ಐದಾರು ವರ್ಷ ವಾರ್ಡಿನಲ್ಲೇ ಕಳೆದಿರುತ್ತದೆ. ಕಲಿತ ತಂತ್ರ ಹಳತಾಗಿರುತ್ತದೆ. ಈ ಕ್ಷೇತ್ರದ ವೇಗ ನೋಡಿ: ಗೆಫಿಟಿನಿಬ್ ಎಂಬ ಔಷಧಿಗೆ ಗೆಡ್ಡೆ ಕರಗಲು ಕಾರಣವಾದ, ಇಜಿಎಫ್‌ಆರ್ ಎಂಬ ಜೀನ್‌ನ ಮ್ಯುಟೇಷನ್ (ರೂಪಾಂತರ) ಪತ್ತೆಯಾದದ್ದು 2004ರಲ್ಲಿ, ಔಷಧಿಯನ್ನು ಸೋಲಿಸುವ ಟಿ790ಎಂ ಎಂಬ ಇನ್ನೊಂದು ಮ್ಯುಟೇಷನ್ 2005ರಲ್ಲಿ, ಅದನ್ನೂ ತಡೆಯುವ ಒಸಿಮರ್ಟಿನಿಬ್ ಔಷಧಿಗೆ ಅಮೆರಿಕದಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು 2015ರಲ್ಲಿ.

ಫೆಲೋಶಿಪ್‌ನಲ್ಲಿ ಶುರುಮಾಡುವವರಿಗೆ ಪ್ರಶ್ನೆಗಳು ರೋಗಿಯ ಬಯಾಪ್ಸಿಯಿಂದಲೇ ಹುಟ್ಟುತ್ತವೆ. ಆದರೆ ಕೋಶ ಬೆಳೆಸುವುದು, ಸೀಕ್ವೆನ್ಸಿಂಗ್ (ಡಿಎನ್‌ಎ ಅನುಕ್ರಮ) ದತ್ತಾಂಶ ಓದುವುದು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. ಕ್ಲಿನಿಕಲ್ ಟ್ರಯಲ್‌ಗಳಷ್ಟೇ ಗುರಿಯಾದರೆ ಪಿಎಚ್.ಡಿ. ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಯುವ ಸಂಶೋಧಕ ವೈದ್ಯರಿಗೆ ಕೊಡುವ ಕೆ08 ಅನುದಾನಕ್ಕೆ ಸಾಮಾನ್ಯವಾಗಿ ಶೇ. 75 ಸಮಯ ಸಂಶೋಧನೆಗೇ ಮೀಸಲಿಡಬೇಕು. ಈ ಮಾತು ನೇಮಕಾತಿ ಪತ್ರದಲ್ಲಿ ಬರವಣಿಗೆಯಲ್ಲಿರಲಿ. ಬಾಯಿಮಾತಿನ ಭರವಸೆಯನ್ನು ಒಪಿಡಿ ಸಾಲು ನುಂಗಿಬಿಡುತ್ತದೆ.

ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿದವರಿಗೆ ಎರಡನೆಯದೇ ವಾಸ್ತವದ ದಾರಿ: ಯುಎಸ್‌ಎಂಎಲ್‌ಇ (ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆ), ಇಸಿಎಫ್‌ಎಂಜಿ (ವಿದೇಶಿ ವೈದ್ಯ ಪದವೀಧರರಿಗೆ ಕೊಡುವ) ಪ್ರಮಾಣಪತ್ರ, ರೆಸಿಡೆನ್ಸಿ. ಕೆ08ಕ್ಕೆ ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಎನ್‌ಐಎಚ್‌ನದೇ ಇನ್ನೊಂದು ಅನುದಾನ ಕೆ99ಕ್ಕೆ ಆ ನಿರ್ಬಂಧವಿಲ್ಲ. ಜೆ-1 (ವಿನಿಮಯ ತರಬೇತಿ) ವೀಸಾದಲ್ಲಿ ತರಬೇತಿ ಪಡೆದರೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕು, ಇಲ್ಲವೇ ವಿನಾಯಿತಿ ಪಡೆಯಬೇಕು. ವಿನಾಯಿತಿಯ ಕೆಲಸ ಹೆಚ್ಚಾಗಿ ವೈದ್ಯರ ಕೊರತೆಯಿರುವ ಊರಲ್ಲಿ. ಅಲ್ಲಿ ಪ್ರಯೋಗಾಲಯ ಸಿಗುವುದು ಕಷ್ಟ.